ಧಣಿಯ ನಾಲಿಗೆ

"ಹಾಲು ಹಳಸಿದೆಯಲ್ರೀ," ಎಂದು ಹೆಂಡತಿ ಹೇಳುವ ಹೊತ್ತಿಗೆ ಅವನು ಅರ್ಧ ಲೋಟ ಕಾಫಿ ಕುಡಿದಾಗಿತ್ತು. ಅವಳು ತನ್ನ ಲೋಟವನ್ನು ತುಟಿಗೆ ತಾಗಿಸಿದವಳೇ ಮುಖ ಕಿವುಚಿ ಕೆಳಗಿಟ್ಟಿದ್ದಳು. ಈಗ ಅವನ ಲೋಟವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ನಿಮಗೆ ಗೊತ್ತಾಗ್ಲಿಲ್ವಾ?" ಕೇಳಿದ್ದರಲ್ಲಿ ಕೊಂಕೇನೂ ಇರಲಿಲ್ಲ. ಕೊಂಕಿದ್ದಿದ್ದರೆ ತಿರುಗಿಸಿ ಒಂದು ಮಾತು ಹೇಳಿ ಏಳಬಹುದಿತ್ತು. "ಗೊತ್ತಾಯ್ತು. ಸುಮ್ನೆ ಯಾಕೆ ಚೆಲ್ಲೋದು ಅಂತ ಕುಡ್ದೆ," ಎಂದ. ದಿನಕ್ಕೊಮ್ಮೆ ಒಂದು ಹಗ್ಗ ಎಳೆಯುವ ಕೆಲಸಕ್ಕೆ ಮನೆತನದ ಅರ್ಧ ಆಸ್ತಿ ಪಡೆದುಕೊಂಡ ಮನುಷ್ಯ ಅರ್ಧ ಲೋಟ ಹಳಸಿದ ಕಾಫಿಯನ್ನು ಉಳಿಸಲು ಹೊರಟಿದ್ದನ್ನು ಕೇಳಿ ಅವಳಿಗೆ ನಗು ಕೂಡ ಬರಲಿಲ್ಲ. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಉಳಿದ ಕಾಫಿ ಮೋರಿಗೆ ಬಿದ್ದ ಸದ್ದು ಕೇಳಿಸಿತು. ಅವನು ನಾಲಿಗೆಯನ್ನು ಹಲ್ಲಿಗೆ ಉಜ್ಜಿ ನೋಡಿಕೊಂಡ. ಹುಳಿ ಇತ್ತೇ? ಅವಳು ಹೇಳಿದ ಮೇಲೆ ಇತ್ತು ಅನ್ನಿಸುತ್ತಿತ್ತು. ಯಾರಾದರೂ ಹೇಳಿದ ಮೇಲೆ ಅವನಿಗೆ ಎಲ್ಲ ರುಚಿಯೂ ಗೊತ್ತಾಗುತ್ತಿತ್ತು. ಹನ್ನೊಂದು ಗಂಟೆಗೆ ಚಿಕ್ಕಪ್ಪ ಆಫೀಸಿನ ದೊಡ್ಡ ಕೋಣೆಯಲ್ಲಿ ಎಲ್ಲರಿಗೂ ಸೇರಲು ಹೇಳಿದ್ದ. ಅಲ್ಲಿ ಹೇಳಿಕೊಡುವವರು ಯಾರು ಎಂಬುದೊಂದೇ ಅವನಿಗೆ ತಿಳಿದಿರಲಿಲ್ಲ.

ಮನೆಗೂ ಕಾರ್ಖಾನೆಗೂ ನಡುವೆ ಇದ್ದದ್ದು ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಯನ್ನು ಕಾರಿನಲ್ಲೇ ಹೋಗಬೇಕು, ಧಣಿಯಾದವನು ಬೆವರಿಕೊಂಡು ಬರಬಾರದು ಎಂಬುದು ಅಜ್ಜ ಮಾಡಿಟ್ಟ ನಿಯಮ. ಡ್ರೈವರು ಬಾಗಿಲು ತೆಗೆದು, ಹಾಕಿ, ಮತ್ತೆ ತೆಗೆಯುವಷ್ಟರಲ್ಲಿ ನಡೆದೇ ಎರಡು ಸಲ ಹೋಗಿಬರಬಹುದಿತ್ತು. ಗೇಟು ದಾಟಿದೊಡನೆ ಕಾದ ಸಕ್ಕರೆಯ ವಾಸನೆ ಬಟ್ಟೆಗೆ ಹತ್ತಿಕೊಳ್ಳುತ್ತಿತ್ತು. ಅಜ್ಜನ ಕಾಲದ ನಿಂಬೆ ಮಿಠಾಯಿ, ಪೆಪ್ಪರಮಿಂಟು, ಅಪ್ಪನ ಕಾಲಕ್ಕೆ ಜಾಮು, ಸಾಸು, ಬಿಸ್ಕತ್ತು. ಮಕ್ಕಳ ಹಲ್ಲು ಹುಳುಕಾಗಲೆಂದು ಮೂರು ತಲೆಮಾರು ಹಗಲಿರುಳು ದುಡಿದ ಮನೆತನ. ಆ ಮನೆಯಲ್ಲಿ ಮಾತ್ರ ಒಬ್ಬರೂ ಮಿಠಾಯಿ ಮುಟ್ಟುತ್ತಿರಲಿಲ್ಲ. ಅಜ್ಜನಿಗೆ ಸಕ್ಕರೆ ಕಾಯಿಲೆ, ಅಪ್ಪ ಅದರಲ್ಲೇ ಹೋದ, ಚಿಕ್ಕಪ್ಪ ಊಟಕ್ಕೆ ಮುಂಚೆ ಅಂಗಿ ಎತ್ತಿ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದ. ಆಫೀಸಿನ ಬಾಗಿಲ ಮೇಲೆ ಅಜ್ಜನ ಚಿತ್ರ, ಅದರ ಕೆಳಗೆ ಗಾಜಿನ ಚೌಕಟ್ಟಿನಲ್ಲಿ "ನಾಲಿಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದು." ಆ ಗಾದೆ ಇರುವುದು ಮಾತಿನ ಬಗ್ಗೆ, ಮಿಠಾಯಿಯ ಬಗ್ಗೆ ಅಲ್ಲ ಎಂದು ಅಜ್ಜನಿಗೆ ಹೇಳುವ ಗಂಡು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಬಾಣಲೆಯ ಪಾಕಕ್ಕೆ ಹುಳಿ ಪುಡಿ ಬೆರೆಸಿ, ಕಲ್ಲುಹಾಸಿಗೆ ಸುರಿಯುವ ಮುನ್ನ ಅದರ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಗಟ್ಟಿಯಾದದ್ದನ್ನು ಮನೆಯವನೊಬ್ಬ ಬಾಯಿಗೆ ಹಾಕಿಕೊಂಡು ನೋಡಬೇಕು. ಸರಿಯಿದ್ದರೆ ಗಂಟೆಯ ಹಗ್ಗ ಎಳೆಯಬೇಕು. ಅವನು ರುಚಿ ನೋಡುವಾಗ ಯಾರೂ ಮಾತಾಡುವಂತಿಲ್ಲ. ಗಂಟೆ ಆದಮೇಲೆ ಆ ಪಾಕವನ್ನು ಯಾರೂ ತಡೆಯುವಂತಿಲ್ಲ. ಅಜ್ಜ ಉಯಿಲಿನಲ್ಲೂ ಅದನ್ನೇ ಬರೆದಿದ್ದ: ನಾಲಿಗೆ ಇದ್ದವನಿಗೆ ಹಗ್ಗ, ಹಗ್ಗ ಇದ್ದವನಿಗೆ ಅರ್ಧ ಆಸ್ತಿ, ಅವನ ನಾಲಿಗೆ ಕೆಟ್ಟರೆ ಹಗ್ಗವೂ ಆಸ್ತಿಯೂ ಮುಂದಿನವನಿಗೆ. ಮುಂದಿನವನೆಂದರೆ ಚಿಕ್ಕಪ್ಪನ ಮಗ. ಕೆಲಸದವರು ಇವನನ್ನು ಬೆನ್ನ ಹಿಂದೆ 'ನಾಲಿಗೆ ಧಣಿ' ಎನ್ನುತ್ತಿದ್ದರು. ಅದು ಭಕ್ತಿಯೋ ಗೇಲಿಯೋ ಎಂದು ಇಪ್ಪತ್ತು ವರ್ಷವಾದರೂ ಅವನಿಗೆ ತೀರ್ಮಾನವಾಗಿರಲಿಲ್ಲ.

ಮೂವತ್ತಮೂರು ವರ್ಷದ ಹಿಂದೆ, ಇವನಿಗಾಗ ಒಂಬತ್ತು ವರ್ಷ, ಚಿಕ್ಕಪ್ಪನ ಮಗನಿಗೆ ಎಂಟು. ಅಜ್ಜ ಪಾಕದ ಮನೆಯಲ್ಲಿ ಏಳು ಚಮಚ ಸಾಲಾಗಿ ಜೋಡಿಸಿ, "ಇದ್ರಲ್ಲಿ ಒಂದು ಕೆಟ್ಟಿದೆ, ಯಾವ್ದು ಹೇಳ್ರೋ," ಎಂದಿದ್ದ. ಚಿಕ್ಕಪ್ಪನ ಮಗ ಕಣ್ಣು ಮುಚ್ಚಿ, ಒಂದೊಂದನ್ನೂ ಚಪ್ಪರಿಸಿ, ಪಾಪ, ನಿಜವಾಗಿ ರುಚಿ ನೋಡಿ ತಪ್ಪು ಹೇಳಿದ. ಇವನಿಗೆ ಪಾಕ ಬೇಕಿರಲಿಲ್ಲ, ಬೇಸರವಾಗಿತ್ತು, ಒಲೆಯ ಹಿಂದೆ ನಿಂತು ಪಾಕ ಕಾಯಿಸುತ್ತಿದ್ದ ಪಾಕದಮ್ಮನನ್ನೇ ನೋಡುತ್ತಿದ್ದ. ಆಗವಳಿಗೆ ಮೂವತ್ತಿರಬಹುದು. ಅವನು ಚಮಚ ಬಾಯಿಗಿಟ್ಟಾಗಲೆಲ್ಲ ಅವಳು ಕೈಯಲ್ಲಿದ್ದ ಸೌಟನ್ನು ಬಾಣಲೆಯ ಅಂಚಿಗೆ ಅಡ್ಡ ಇಡುತ್ತಿದ್ದಳು, ಮತ್ತೆ ಎತ್ತಿಕೊಳ್ಳುತ್ತಿದ್ದಳು. ಐದನೆಯದಕ್ಕೆ ಇಡಲಿಲ್ಲ. ಸೌಟು ಕೈಯಲ್ಲೇ ಉಳಿಯಿತು. ಮಕ್ಕಳಿಗೆ ಇಂಥದ್ದು ಬೇಗ ಹೊಳೆಯುತ್ತದೆ, ದೊಡ್ಡವರಿಗಿಂತ ಮಕ್ಕಳೇ ಕಳ್ಳರು. "ಇದು," ಎಂದ. ಅಜ್ಜ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಕಾರ್ಖಾನೆಯೆಲ್ಲ ಸುತ್ತಿದ. ಆ ಹೆಗಲ ಮೇಲಿಂದ ಅವನು ಇನ್ನೂ ಇಳಿದಿರಲಿಲ್ಲ. ಅಜ್ಜ ಸತ್ತು ಹಗ್ಗ ಕೈಗೆ ಬಂದ ಮೊದಲ ಬೆಳಿಗ್ಗೆ ಹನಿಯನ್ನು ಬಾಯಲ್ಲಿಟ್ಟುಕೊಂಡು ನಿಂತಾಗ, ಸೌಟು ತಾನಾಗಿ ಬಾಣಲೆಯ ಅಂಚಿಗೆ ಬಂದು ಅಡ್ಡ ಮಲಗಿತು. ಹಗ್ಗ ಎಳೆದ. ಅಂದಿನಿಂದ ಪ್ರತಿ ಬೆಳಿಗ್ಗೆ ಅದೇ. ಸೌಟು ಕೆಳಗಿದ್ದರೆ ಗಂಟೆ. ಕೈಯಲ್ಲಿದ್ದರೆ ಅವನು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ತಲೆಯಾಡಿಸಿ, "ಊಹೂಂ, ಇನ್ನೊಂದ್ಸಲ ನೋಡಿ," ಎನ್ನುತ್ತಿದ್ದ. ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಿದ್ದರು. ಇಷ್ಟು ವರ್ಷದಲ್ಲಿ ಅವನೂ ಅವಳೂ ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ. ಇದು ಪ್ರೀತಿ ಎಂದು ಅವನು ಅಂದುಕೊಂಡಿದ್ದ. ಮಕ್ಕಳಿಲ್ಲದ ಹೆಂಗಸು, ತನ್ನನ್ನು ಮಗನ ಹಾಗೆ ಕಾಯುತ್ತಿದ್ದಾಳೆ. ಹಾಗೆ ಅಂದುಕೊಂಡಾಗ ಗಂಟಲು ಸ್ವಲ್ಪ ತುಂಬಿಬರುತ್ತಿತ್ತು, ಅದೂ ಹಿತವಾಗಿತ್ತು.

ದೊಡ್ಡ ಕೋಣೆಯ ಮೇಜಿನ ಮೇಲೆ ವಾಪಸು ಬಂದ ನಿಂಬೆ ಮಿಠಾಯಿಯ ರಾಶಿ ಬಿದ್ದಿತ್ತು. ಬೆವೆತು, ಕಾಗದಕ್ಕೆ ಅಂಟಿ, ಒಂದಕ್ಕೊಂದು ಮೆತ್ತಿಕೊಂಡಿದ್ದವು. ಚಿಕ್ಕಪ್ಪ ಒಂದನ್ನು ಉಗುರಿನಿಂದ ಬಿಡಿಸಲು ನೋಡಿ, ಆಗದೆ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ. "ಕಾಗದ ಸಮೇತ ನುಂಗ್ಬೇಕು. ಅಂಗಡಿಯವರು ನನ್ನ ಮುಖಕ್ಕೆ ಉಗಿಯೋದೊಂದು ಬಾಕಿ," ಎಂದ. ಪಕ್ಕದಲ್ಲಿ ಅವನ ಮಗ, ಎಂದಿನಂತೆ ಇಸ್ತ್ರಿ ಮುರಿಯದ ಅಂಗಿ, ಮುಖದಲ್ಲಿ ಮುಂದಿನವನ ತಾಳ್ಮೆ. ಆಚೆ ವಕೀಲ, ಉಯಿಲಿನ ಹಳದಿ ಕವರನ್ನು ಮುಂದಿಟ್ಟುಕೊಂಡು ಅದರ ಮೇಲೆ ಕನ್ನಡಕ ಇಟ್ಟಿದ್ದ, ಗಾಳಿಗೆ ಹಾರಿಹೋಗುತ್ತದೋ ಎಂಬಂತೆ. ಫ್ಯಾನೇ ತಿರುಗುತ್ತಿರಲಿಲ್ಲ. ಬಾಗಿಲ ಹತ್ತಿರ ಪಾಕದಮ್ಮ ನಿಂತಿದ್ದಳು. ಬಲಗೈಗೆ ಬಟ್ಟೆ ಸುತ್ತಿತ್ತು. ಅವಳಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ, ಅವನೂ ಕೊಡಲಿಲ್ಲ. ಕೊಟ್ಟರೆ ಏನಾದರೂ ಅರ್ಥ ಹಚ್ಚುತ್ತಾರೆಂದು.

ಆ ಬಟ್ಟೆಯ ಕಡೆ ನೋಡಬಾರದು ಎಂದುಕೊಂಡೇ ನೋಡಿದ. ಹನ್ನೆರಡು ದಿನದ ಹಿಂದೆ, ಹನಿ ಬಾಯಲ್ಲಿತ್ತು, ಕಿಸೆಯಲ್ಲಿ ಫೋನು ಒದರುತ್ತಿತ್ತು, ಹೊಸ ಕಾರಿನ ಬಣ್ಣ ಯಾವುದಿರಬೇಕೆಂದು ಕೇಳುವವನದು. ಪಾಕದ ಒಂದು ಹನಿ ಸಿಡಿದು ಅವಳ ಕೈಮೇಲೆ ಬಿತ್ತು. ಅವಳು ಕೂಗಲಿಲ್ಲ. ಸೌಟನ್ನು ಬಾಣಲೆಯ ಅಂಚಿಗೆ ಇಟ್ಟು ಕೈಯನ್ನು ನೀರಿಗೆ ಅದ್ದಿದಳು. ಅವನು ಸೌಟನ್ನು ಕಂಡ, ಕೈಯನ್ನು ಕಾಣಲಿಲ್ಲ. ಹಗ್ಗ ಎಳೆದ, ಫೋನು ಕಿವಿಗಿಟ್ಟ, ಹೊರಟ. ಅವಳು ನಾಲ್ಕು ಹೆಜ್ಜೆ ಹಿಂದೆ ಬಂದಳು. "ಸಣ್ಣ ಧಣಿ, ಒಂದ್ಮಾತು..." ಅವನು ತಿರುಗದೆ ಕೈ ಎತ್ತಿದ, ಆಮೇಲೆ ಎಂಬಂತೆ. ಆ ಎತ್ತಿದ ಕೈ ಹನ್ನೆರಡು ದಿನದಿಂದ ಇನ್ನೂ ಮೇಲೆಯೇ ಇದೆ ಅನ್ನಿಸುತ್ತಿತ್ತು. ಕಾರಿಗೆ ಬೂದು ಬಣ್ಣ ಹೇಳಿದ್ದ.

"ನೋಡಮ್ಮಾ," ಚಿಕ್ಕಪ್ಪ ಬೆಣ್ಣೆ ಹಚ್ಚಿದ ದನಿಯಲ್ಲಿ ಶುರುಮಾಡಿದ, "ಹುಳಿ ಪುಡಿ ಹೆಚ್ಚಾದ್ರೆ ಹೀಗೆ ಬೆವರತ್ತೆ ಅಂತ ನಿನಗೆ ನಾನು ಹೇಳ್ಕೊಡಬೇಕಾಗಿಲ್ಲ."

"ಪುಡಿ ಬದಲಾಗಿತ್ತು ಧಣಿ. ಹೊಸ ಪುಡಿ ಖಡಕ್ಕು. ನನಗ್ಯಾರೂ ಹೇಳಿಲ್ಲ. ಹಳೇ ಅಳತೇಲೇ ಹಾಕ್ದೆ."

ಪುಡಿ ಬದಲಾಯಿಸಿದ ಮಗ ತನ್ನ ಉಗುರು ನೋಡಿಕೊಂಡ. "ಇರಬಹುದು," ಎಂದ ಚಿಕ್ಕಪ್ಪ, "ಹಾಗಿದ್ರೆ ಇವನು ರುಚಿ ನೋಡಿದಾಗ್ಲೇ ಗೊತ್ತಾಗಬೇಕಿತ್ತಲ್ಲ? ಗೊತ್ತಾಗಿಲ್ಲ ಅಂದ್ರೆ ಎರಡರಲ್ಲೊಂದು. ಇಲ್ಲ, ಗಂಟೆ ಆದಮೇಲೆ ನಿನ್ನ ಕೈಯಿಂದ ಇನ್ನಷ್ಟು ಪುಡಿ ಬಿದ್ದಿದೆ. ಇಲ್ಲ..." ಮುಂದಿನದನ್ನು ಹೇಳದೆ ಅವನು ಅಣ್ಣನ ಮಗನ ಕಡೆ ತಿರುಗಿ ನಕ್ಕ. ಒಂದೇ ಕಲ್ಲು, ಎರಡು ಹಕ್ಕಿ. ಯಾವುದು ಬಿದ್ದರೂ ಬೇಟೆಯೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಇವನು ತುಟಿ ಒರೆಸಿಕೊಂಡ. ಪಾಕದಮ್ಮ ಈಗ ಹೇಳುತ್ತಾಳೆ, ಸೌಟಿನ ವಿಷಯ, ಏಳು ಚಮಚದ ವಿಷಯ. ಒಂದೇ ಮಾತು ಸಾಕು. ಹೇಳಿದರೆ ಅವಳು ಉಳಿಯುತ್ತಾಳೆ, ಇವನು ಹೋಗುತ್ತಾನೆ. ಅವಳು ಹೇಳಲಿಲ್ಲ. ಆವತ್ತು ಅವನ ಹಿಂದೆ ಬಂದದ್ದನ್ನೂ ಹೇಳಲಿಲ್ಲ. ಹಾಗಾದರೆ ತಾನೇ ಹೇಳಬೇಕಾಗಿತ್ತು, ಮತ್ತು ಆ ವಾಕ್ಯ ಅವನ ಬಾಯಲ್ಲಿ ಸಿದ್ಧವಾಗಿಯೂ ಇತ್ತು: ನನಗೆ ಯಾವತ್ತೂ ಗೊತ್ತಾಗಿಲ್ಲ ಚಿಕ್ಕಪ್ಪ. ನಾಲ್ಕು ಪದ. ಆ ನಾಲ್ಕು ಪದದ ಹಿಂದೆ ಮನೆ, ತೋಟ, ಬೂದು ಕಾರು, ಹೆಂಡತಿಯ ಸುಮ್ಮನೆ ನೋಡುವ ಕಣ್ಣು ಎಲ್ಲ ಸಾಲುಗಟ್ಟಿ ನಿಂತಿದ್ದವು. ಹಳಸಿದ ಹಾಲು ಈಗ ನಿಜಕ್ಕೂ ಹುಳಿ ಎನ್ನಿಸಿತು.

"ಮನಸ್ಸಲ್ಲಿ ಅನುಮಾನ ಇಟ್ಕೊಂಡು ಬಾಳೋದು ಬೇಡ ನೋಡಪ್ಪಾ," ಎಂದ ಚಿಕ್ಕಪ್ಪ. "ನಿಮ್ಮಜ್ಜ ಮಾಡಿದ ಹಾಗೇ ಮಾಡೋಣ." ಬೆಳಿಗ್ಗೆ ವಕೀಲನ ಎದುರಿನಲ್ಲೇ ಪಾಕದಮ್ಮನ ಕೈಯಲ್ಲಿ ಮೂರು ಪಾಕ ಮಾಡಿಸಿದ್ದರು, ಎರಡು ಸರಿಯಾದದ್ದು, ಒಂದಕ್ಕೆ ಆವತ್ತಿನಷ್ಟೇ ಹುಳಿ. ಮೂರು ಬಿಳಿ ತಟ್ಟೆ, ಒಂದೊಂದರಲ್ಲಿ ಅವಳೇ ಹಾಕಿದ ಒಂದೊಂದು ಚೂರು, ಅಡಿಯಲ್ಲಿ ಗುರುತು. ಕಣ್ಣಿಗೆ ಮೂರೂ ಒಂದೇ. ಅವಳ ಕೈಯಿಂದಲೇ ಬಡಿಸಬೇಕು, ಇವನು ತಿಂದು ಹೇಳಬೇಕು. ಮಾಡಿದವಳೇ ಬಡಿಸಿದರೆ ಆಮೇಲೆ ಯಾರೂ ತಕರಾರು ಎತ್ತುವ ಹಾಗಿಲ್ಲ ಎಂದು ವಕೀಲ ವಿವರಿಸಿದ. ಬುದ್ಧಿವಂತರು ಮೂರು ಜನ ಕೂತು ಯೋಚಿಸಿ ಮಾಡಿದ ತಪ್ಪು ಅದೊಂದೇ.

ಅವಳು ತಟ್ಟೆಗಳಿದ್ದ ಟ್ರೇ ತಂದು ಇವನ ಮುಂದಿಟ್ಟಳು. ಇಕ್ಕಳದಲ್ಲಿ ಮೊದಲ ಚೂರನ್ನು ಎತ್ತಿ ಇವನ ಅಂಗೈಗೆ ಹಾಕಿದಳು. ಇವನು ಬಾಯಿಗಿಟ್ಟ. ಅವಳು ಇಕ್ಕಳವನ್ನು ಟ್ರೇಯ ಅಂಚಿಗೆ ಅಡ್ಡ ಇಟ್ಟಳು. ಬೇಡ, ಎಂದುಕೊಂಡ. ಅದೇ ಹೊತ್ತಿಗೆ ಅವನ ಕಣ್ಣು ಅವನನ್ನು ಕೇಳದೆ ಅಂಚಿನ ಮೇಲೆಯೇ ನೆಟ್ಟಿತ್ತು. ಎರಡನೆಯ ಚೂರು. ಬಾಯಿಗಿಟ್ಟ. ಇಕ್ಕಳ ಕೈಯಲ್ಲೇ ಉಳಿಯಿತು. ಬಟ್ಟೆ ಸುತ್ತಿದ ಕೈ, ಸುಟ್ಟ ಕೈ. ಹಿಡಿದ ಬಿಗಿಗೆ ಬಟ್ಟೆಯ ಹೊರಗಿದ್ದ ಬೆರಳ ತುದಿ ಬಿಳಿಚಿತ್ತು. ಅವಳು ಇವನ ಮುಖ ನೋಡುತ್ತಿರಲಿಲ್ಲ, ತಟ್ಟೆಯನ್ನು ನೋಡುತ್ತಿದ್ದಳು. ಇನ್ನೂ ಸಮಯವಿತ್ತು. ತಪ್ಪು ಹೇಳಿದರೆ ಅವಳು ಬದುಕಿಕೊಳ್ಳುತ್ತಿದ್ದಳು. ಮೂರನೆಯದು ಎಂದಿದ್ದರೆ ಸಾಕಾಗಿತ್ತು. ಮೂರನೆಯದನ್ನೂ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ, ಹುಬ್ಬು ಗಂಟಿಕ್ಕಿದ, ಆಟವೆಲ್ಲ ಮುಗಿದು ತಾನು ಒಳ್ಳೆಯವನಾಗಬಹುದಾದ ಆ ಒಂದು ಗಳಿಗೆಯನ್ನು ಚೆನ್ನಾಗಿ ಕಂಡ, ದಾಟಿದ. "ನಡುವಿಂದು," ಎಂದ.

ವಕೀಲ ತಟ್ಟೆ ತಿರುವಿ ಗುರುತು ನೋಡಿ, "ಭೇಷ್!" ಎಂದ. ಚಿಕ್ಕಪ್ಪನ ಮಗನ ಮುಖ ಎಂಟು ವರ್ಷದ ಹುಡುಗನ ಮುಖವಾಯಿತು. ಚಿಕ್ಕಪ್ಪ ಮಾತ್ರ ಒಂದು ಹಕ್ಕಿ ತಪ್ಪಿದ ದುಃಖವನ್ನು ನುಂಗಿ ತಕ್ಷಣ ಇನ್ನೊಂದರ ಕಡೆ ತಿರುಗಿದ. "ಇಂಥ ನಾಲಿಗೆ ಆವತ್ತು ಸುಳ್ಳು ಹೇಳಿರೋದಕ್ಕೆ ಸಾಧ್ಯ ಇಲ್ಲ. ಅಂದ್ಮೇಲೆ ಗಂಟೆ ಆದಮೇಲೇ ಪುಡಿ ಬಿದ್ದಿದೆ. ಏನಮ್ಮಾ, ಬೇಕು ಅಂತ ಹಾಕ್ದೆಯೋ, ಕೈ ತಪ್ಪಿತೋ?" ಉತ್ತರಕ್ಕೆ ಅವನು ಕಾಯಲಿಲ್ಲ. "ನಾಳೆಯಿಂದ ಬರೋದು ಬೇಡ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ಅಷ್ಟು ಸಲೀಸಾಗಿ ಮುಗಿದುಹೋಯಿತು. ಏನಾದರೂ ಹೇಳಬೇಕೆನ್ನಿಸಿ ಎತ್ತು ಬಾಯಿ ಬಿಟ್ಟಿತು. "ಬೇಕು ಅಂತ ಮಾಡಿರಲ್ಲ ಬಿಡಿ ಚಿಕ್ಕಪ್ಪ. ವಯಸ್ಸಾಯ್ತು ಅವಳಿಗೆ." ಅಂದಮೇಲೆ ತನ್ನ ದನಿಯಲ್ಲಿದ್ದ ಔದಾರ್ಯ ಅವನಿಗೇ ಕೇಳಿಸಿತು, ಹೇಸಿಗೆಯಾಯಿತು. ಪಾಕದಮ್ಮ ಅವನನ್ನು ಆ ದಿನ ಮೊದಲ ಸಲ ನೋಡಿದಳು, ಕೆಟ್ಟ ಪಾಕವನ್ನು ನೋಡುವ ಹಾಗೆ, ಸಿಟ್ಟಿಲ್ಲದೆ. ಇಕ್ಕಳವನ್ನು ಟ್ರೇಯಲ್ಲಿಟ್ಟು ಹೊರಗೆ ಹೋದಳು.

ಮೆಟ್ಟಿಲ ತಿರುವಿನಲ್ಲಿ ಅವಳನ್ನು ಹಿಡಿದ. ಮೇಲೆ ಕೋಣೆಯಲ್ಲಿ ಕಾಫಿ ತರಿಸುವ ಗಲಾಟೆ ಕೇಳುತ್ತಿತ್ತು. ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಅವಳು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. "ಯಾಕೆ?" ಎಂದ. ಕ್ಷಮಿಸು ಎನ್ನಬೇಕೆಂದಿದ್ದ, ಬಂದದ್ದು ಇದು. "ಯಾಕೆ ತೋರ್ಸಿದೆ? ಸುಮ್ನಿದ್ದಿದ್ರೆ ನಾನು ತಪ್ಪು ಹೇಳ್ತಿದ್ದೆ, ನೀನು ಉಳಕೊಳ್ತಿದ್ದೆ." ತನಗೋಸ್ಕರ, ಎಂದು ಅವಳು ಹೇಳಲಿ ಎಂದು ಕಾದ. ಗಂಟಲು ತುಂಬಿಬರಲು ಸಿದ್ಧವಾಗಿ ನಿಂತಿತ್ತು.

"ನಿನಗೋಸ್ಕರ ಅಂದ್ಕೊಂಡ್ಯಾ?" ಎಂದಳು. ನೀವು ಎನ್ನುವುದನ್ನು ಅವಳು ಮೇಲಿನ ಕೋಣೆಯಲ್ಲೇ ಬಿಟ್ಟು ಬಂದಿದ್ದಳು. "ಕೆಟ್ಟಿದ್ದನ್ನ ಯಾರಾದ್ರೂ ಸರಿ ಅಂದ್ರೆ ನನಗೆ ತಡಿಯಕ್ಕಾಗಲ್ಲ. ಕೈ ಬಿಡಲ್ಲ, ಅಷ್ಟೇ. ನೀನಲ್ದೆ ಆ ಕುರ್ಚೀಲಿ ಕತ್ತೆ ಕೂತಿದ್ರೂ ನಾನು ಹಾಗೇ ಹಿಡ್ಕೊಂಡು ನಿಂತಿರ್ತಿದ್ದೆ."

ಕತ್ತೆಗೆ ಗೊತ್ತೇ ಕಸ್ತೂರಿ ಪರಿಮಳ ಎಂಬುದು ನೆನಪಾಗಿ, ಇಂಥ ಹೊತ್ತಲ್ಲೂ ಗಾದೆ ನೆನಪಾಗುವ ತನ್ನ ಬುದ್ಧಿಗೆ ಅವನಿಗೇ ನಾಚಿಕೆಯಾಯಿತು. "ಅಜ್ಜನಿಗಾದ್ರೂ..." ಎಂದು ಶುರುಮಾಡಿದ. ಏನು ಕೇಳಲು ಹೊರಟಿದ್ದೇನೆಂದು ತಿಳಿಯದೆ ನಿಂತ.

"ನಿಮ್ಮಜ್ಜನಿಗೆ ನಮ್ಮಮ್ಮ ಸೌಟು ಇಡ್ತಿದ್ಳು," ಎಂದಳು ಅವಳು. "ನಾನು ಒಲೆ ಹತ್ರ ನಿಂತಾಗ ಅದನ್ನೇ ಮೊದಲು ಹೇಳ್ಕೊಟ್ಟಿದ್ದು. ನಿಮ್ಮ ಮನೇಲಿ ಯಾರಿಗಿತ್ತು ನಾಲಿಗೆ?" ಆಮೇಲೆ ತುಸು ನಕ್ಕಳು, ತಮಾಷೆಯೊಂದು ಕೊನೆಗೂ ಹೇಳಿ ಮುಗಿಸಿದವಳ ಹಾಗೆ. ಅಂಗಳ ದಾಟಿ, ಕಾರು ನಿಂತಿದ್ದ ಇನ್ನೂರು ಹೆಜ್ಜೆಯ ದಾರಿಯಲ್ಲೇ ನಡೆದು, ಗೇಟಿನ ಹೊರಗೆ ಹೋದಳು. ಹೊರಬೀಳುವಾಗ ಅವಳು ಬಾಗಿಲ ಮೇಲಿನ ಅಜ್ಜನ ಚಿತ್ರದ ಕಡೆ ತಲೆ ಎತ್ತಲಿಲ್ಲ. ಅವನು ಎತ್ತಿದ. ಅಜ್ಜ ಎಂದಿನ ಹಾಗೆ ಬಾಯಿ ಬಿಗಿಹಿಡಿದು ಕೂತಿದ್ದ. ಅಷ್ಟು ದೊಡ್ಡ ಮೀಸೆಯ ಅಡಿಯಲ್ಲಿ ನಾಲಿಗೆ ಇದೆಯೋ ಇಲ್ಲವೋ ನೋಡಿದವರು ಯಾರು?

ಎರಡು ಗಂಟೆಗೆ, ಬೆಳಿಗ್ಗೆ ತಡೆದಿಟ್ಟಿದ್ದ ಆ ದಿನದ ಬಾಣಲೆ. ಚಿಕ್ಕಪ್ಪ, ಅವನ ಮಗ, ವಕೀಲ ಮೂವರೂ ಇವನ ಜೊತೆಗೇ ಇಳಿದು ಬಂದರು, ನಾಲಿಗೆಯ ದರ್ಶನಕ್ಕೆ. ಪಾಕದಮ್ಮನ ಜಾಗದಲ್ಲಿ ಹೊಸಬಳು ನಿಂತಿದ್ದಳು, ಕಾಗದ ಸುತ್ತುವ ವಿಭಾಗದಿಂದ ಒಂದು ಗಂಟೆಯ ಹಿಂದೆ ಎಬ್ಬಿಸಿ ತಂದ ಹೆಂಗಸು, ಹತ್ತು ವರ್ಷ ಸುತ್ತಿ ಸುತ್ತಿ ಬೆರಳ ತುದಿ ಸವೆದವಳು. ಆಗಷ್ಟೇ ಬಾಣಲೆಯನ್ನು ಒಲೆಯಿಂದ ಇಳಿಸಿದ್ದರು. ಸೌಟು ಗೋಡೆಯ ಮೊಳೆಗೆ ನೇತಾಡುತ್ತಿತ್ತು, ತೊಳೆದು ಒರೆಸಿ. ಅವನು ತಣ್ಣೀರಿನ ಬಟ್ಟಲು ಚಾಚಿದ. ಹೊಸಬಳು ಏನೋ ಹೇಳಲು ಬಾಯಿ ತೆರೆದಳು. ಪಕ್ಕದವರು ಸುಮ್ಮನಿರು ಎಂದು ಅವಳ ತೋಳು ಜಗ್ಗಿದರು. ನಿಯಮ ನಿಯಮವೇ. ಅವಳು ಬಾಯಿ ಮುಚ್ಚಿಕೊಂಡು ಹನಿ ಬಿಟ್ಟಳು. ಅವನು ಅದನ್ನು ನಾಲಿಗೆಯ ಮೇಲಿಟ್ಟು ಕಣ್ಣು ಹೊರಳಿಸಿದ. ಬಾಣಲೆಯ ಅಂಚು ಬರಿದಾಗಿತ್ತು. ಅವಳ ಕೈಯೂ ಬರಿದಾಗಿತ್ತು. ಅಂಚಿನಿಂದ ಕೈಗೆ, ಕೈಯಿಂದ ಮೊಳೆಗೆ, ಮೊಳೆಯಿಂದ ಮತ್ತೆ ಅಂಚಿಗೆ ಅವನ ಕಣ್ಣು ಓಡಾಡಿತು. ಬಾಯಲ್ಲಿದ್ದದ್ದು ಅಷ್ಟರಲ್ಲಿ ಕರಗಿಹೋಗಿತ್ತು. ರುಚಿ ಹೇಗಿದೆಯೆಂದು ನಾಲಿಗೆಯನ್ನೇ ಕೇಳಬೇಕೆಂದು ಈ ಮೂವತ್ತಮೂರು ವರ್ಷದಲ್ಲಿ ಅವನಿಗೆ ಒಂದು ದಿನವೂ ನೆನಪಾಗಿರಲಿಲ್ಲ. ಬೆನ್ನ ಹಿಂದೆ ಚಿಕ್ಕಪ್ಪನ ಉಸಿರು ಬಿಸಿಯಾಗಿ ತಾಗುತ್ತಿತ್ತು. ಸಿಹಿಯಾಗಿತ್ತು, ಅಷ್ಟು ಗೊತ್ತಿತ್ತು. ಯಾವತ್ತು ಸಿಹಿಯಾಗಿರಲಿಲ್ಲ? ಹುಬ್ಬು ಗಂಟಿಕ್ಕಿ, ತಲೆದೂಗಿ, ಹಗ್ಗವನ್ನು ಜೋರಾಗಿ ಎಳೆದ. ಗಂಟೆ ಗೋಡೆಗಳಿಗೆಲ್ಲ ಬಡಿದು ಸುತ್ತಿತು, ಆಚೆ ಯಂತ್ರದ ಪಟ್ಟಿಗಳು ಓಡಲು ಶುರುವಾದವು.

ಈಗ ಮಾತಾಡಬಹುದಿತ್ತು. "ಧಣಿ," ಎಂದಳು ಹೊಸಬಳು ಅಂಜುತ್ತ, "ಹುಳಿ ಇನ್ನೂ ಹಾಕೇ ಇಲ್ಲ."

ಯಾರೂ ನಗಲಿಲ್ಲ. ಚಿಕ್ಕಪ್ಪನ ಮಗ ಅಪ್ಪನ ಕಡೆ ನೋಡಿದ. ವಕೀಲ ಕನ್ನಡಕ ತೆಗೆದು ಒರೆಸತೊಡಗಿದ.

"ಗೊತ್ತು," ಎಂದ ಅವನು. ದನಿ ಚೆನ್ನಾಗಿಯೇ ಬಂತು. "ಪಾಕದ ಹದ ನೋಡ್ದೆ. ಈಗ ಹಾಕು."

ಅವಳು ಪುಡಿಯ ಡಬ್ಬಿ ತೆರೆದು ಚಮಚ ತುಂಬಿಸಿಕೊಂಡಳು. ಬಾಣಲೆಯ ಮೇಲೆ ಹಿಡಿದು ನಿಂತಳು. ಅವಳಿಗೆ ಅವನ ಮೇಲೆ ಪೂರ್ತಿ ನಂಬಿಕೆಯಿತ್ತು, ಮುಖದಲ್ಲಿ ಕಾಣುತ್ತಿತ್ತು.

"ಹೊಸ ಪುಡಿ ಅಲ್ವಾ ಧಣಿ," ಎಂದಳು, "ಎಷ್ಟು ಹಾಕ್ಲಿ?"

ಎಲ್ಲರೂ ಅವನ ಬಾಯಿಯನ್ನು ನೋಡುತ್ತಿದ್ದರು. ಅವನು ಅವಳ ಕೈಯನ್ನೇ ನೋಡುತ್ತ ನಿಂತ.